ಬೊಗ್ಗನ ತುಲಾಭಾರ

ಒಂದಾನೊಂದು ಊರಿನಲ್ಲಿ ಒಬ್ಬ ದೊರೆ ಇದ್ದ. ಯಾವ ಊರು ಅಂತ ಕೇಳಬೇಡಿ, ಕೇಳಿದವರ ಪಾಲಿನ ಕಡಲೆಕಾಯಿ ನನಗೆ. ದೊರೆಯ ಹೆಸರು ಉರಿಮಲ್ಲರಾಯ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಮೀಸೆ ಇತ್ತು. ಆದರೂ ಅವನಿಗೆ ಒಂದು ನಾಯಿಯ ಮೇಲೆ ಹೊಟ್ಟೆಕಿಚ್ಚು.

ನಾಯಿಯ ಹೆಸರು ಬೊಗ್ಗ. ರಾಣಿ ಪುಟ್ಟಾಜಮ್ಮಣ್ಣಿ ದಿನಾ ಊಟಕ್ಕೆ ಕೂತಾಗ ಮೊದಲನೇ ತುತ್ತು ಮುದ್ದೆ ಮುರಿದು, ಬಾಡಿನ ಸಾರಿನಲ್ಲಿ ಅದ್ದಿ, ಹಿತ್ತಿಲ ಬಾಗಿಲಲ್ಲಿ ನಿಂತ ಬೊಗ್ಗನ ಬಾಯಿಗೆ ಕೈಯಾರೆ ಇಡುತ್ತಿದ್ದಳು. ದೊರೆಗೆ ಬಡಿಸಲು ಆಳುಗಳ ದಂಡೇ ಇತ್ತು. ಆದರೆ ಆ ಒಂದು ತುತ್ತು ಮಾತ್ರ ಸಿಗುತ್ತಿರಲಿಲ್ಲ. ಕಿಟಕಿಯ ಸಂದಿಯಿಂದ ನೋಡಿ ನೋಡಿ ಅವನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಅರಮನೆಯ ಪಂಡಿತನನ್ನು ಕರೆಸಿದ. "ಪಂಡಿತರೇ, ಒಂದು ನಾಯಿಗೆ ದಿನಕ್ಕೆ ಎಷ್ಟು ಕಸುವು ಬೇಕು?"

ಈಗಿನವರು ಪ್ರೋಟೀನು ಅಂತಾರಲ್ಲ, ಅದನ್ನೇ ಆಗ ಕಸುವು ಅನ್ನುತ್ತಿದ್ದರು.

"ಬೊಗ್ಗನಂಥ ನಾಯಿಗೆ ಒಂದು ಮೊಟ್ಟೆ, ಒಂದು ಹಿಡಿ ಬೇಯಿಸಿದ ಹುರುಳಿ, ಒಂದು ಚೂರು ಬಾಡು. ಸಾಕು ಮಹಾಸ್ವಾಮಿ."

"ಸಾಕಾಗಿದ್ದರೆ ಅದು ರಾಣಿಯ ಬಾಗಿಲಿಗೆ ಯಾಕೆ ಹೋಗುತ್ತೆ? ಕಸುವು ಸಾಲುತ್ತಿಲ್ಲ! ಒಂದೇ ಸಲಕ್ಕೆ ಹೊಟ್ಟೆ ತುಂಬಿಸಿಬಿಡಿ. ಮತ್ತೆ ಆ ಕಡೆ ತಲೆ ಹಾಕಬಾರದು. ಬೊಗ್ಗನಿಗೆ ತುಲಾಭಾರ ಮಾಡಿಸಿ!"

ತುಲಾಭಾರ ಗೊತ್ತಲ್ಲ? ಹರಕೆ ಹೊತ್ತವರು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರುತ್ತಾರೆ. ಇನ್ನೊಂದರಲ್ಲಿ ಬೆಲ್ಲವೋ ತೆಂಗಿನಕಾಯೋ ಸಮ ತೂಗಿ ದೇವರಿಗೆ ಕೊಡುತ್ತಾರೆ. ಇಲ್ಲಿ ಹರಕೆಯೂ ಬೊಗ್ಗನದೇ, ದೇವರೂ ಬೊಗ್ಗನೇ.

ಬೊಗ್ಗನನ್ನು ತಟ್ಟೆಯಲ್ಲಿ ಕೂರಿಸಿದರು. ಎದುರಿನ ತಟ್ಟೆಗೆ ಮೊಟ್ಟೆ ಹಾಕಿದರು. ಸಮ ಆಯಿತು. ಬೊಗ್ಗ ಇಳಿದು ಬಂದು ಅಷ್ಟನ್ನೂ ತಿಂದ. ದೊರೆ ಕೈ ತಟ್ಟಿದ.

ಆಗ ತಕ್ಕಡಿ ಬಾಯಿ ಬಿಟ್ಟಿತು. "ತಡೀರಿ. ತೂಗಿದ ನಾಯಿ ಬೇರೆ, ತಿಂದ ನಾಯಿ ಬೇರೆ. ಇವನು ಈಗ ಭಾರವಾಗಿದ್ದಾನೆ. ಮತ್ತೆ ತೂಗಿ."

ಮಾತು ನ್ಯಾಯವಾಗಿಯೇ ಇತ್ತು. ಮತ್ತೆ ತೂಗಿದರು. ಬೊಗ್ಗ ಮತ್ತೆ ತಿಂದ.

"ತೂಗಿದ ನಾಯಿ ಬೇರೆ, ತಿಂದ ನಾಯಿ ಬೇರೆ."

ಊರಿನ ಮೊಟ್ಟೆ ಮುಗಿಯಿತು. ಕುದುರೆಗಳ ಹುರುಳಿ ಮುಗಿಯಿತು. ಕೆರೆಯ ಮೀನು ಮುಗಿಯಿತು. ಕೋಳಿಗಳು ದೂರು ತಂದವು. "ಮಹಾಸ್ವಾಮಿ, ಮೊಟ್ಟೆ ಇಡೋರು ನಾವು, ತುಲಾಭಾರ ಅವನಿಗಾ? ನಮ್ಮನ್ನು ಯಾರಾದರೂ ಒಂದು ದಿನ ತಕ್ಕಡೀಲಿ ಕೂರಿಸಿದ್ದುಂಟಾ?" ಕುದುರೆಗಳು ಮುಖ ಊದಿಸಿಕೊಂಡು ಕೂತವು. ಕುದುರೆ ಕೂತರೆ ಎಷ್ಟು ಕೋಪ ಬಂದಿರಬೇಕು, ನೀವೇ ಯೋಚಿಸಿ.

ಬೊಗ್ಗ ಎಮ್ಮೆಯಷ್ಟಾದ. ಆಮೇಲೆ ಕೋಟೆ ಬಾಗಿಲಷ್ಟಾದ. ಆದರೂ ಊಟದ ಹೊತ್ತಿಗೆ ತಪ್ಪದೆ ಹಿತ್ತಿಲಿಗೆ ಹೋಗಿ, ಬಾಗಿಲಲ್ಲಿ ಹಿಡಿಸದೆ, ಮೂಗು ಒಂದನ್ನೇ ಒಳಗಿಡುತ್ತಿದ್ದ.

"ಅಯ್ಯೋ ನನ್ನ ಕಂದಾ, ಎಷ್ಟು ಸೊರಗಿದ್ದೀಯೋ!" ಎಂದು ರಾಣಿ ತುತ್ತು ಇಡುತ್ತಿದ್ದಳು.

ಕಿಟಕಿಯ ಹಿಂದೆ ದೊರೆ ಮೀಸೆ ಕಚ್ಚಿಕೊಂಡ. ಓಡಿ ಬಂದು ಕೂಗಿದ. "ತೂಗಿ! ಇನ್ನೂ ತೂಗಿ!"

"ತಟ್ಟೆಗೆ ಹಾಕೋಕೆ ಏನೂ ಉಳಿದಿಲ್ಲ ಸ್ವಾಮಿ" ಎಂದ ಪಂಡಿತ.

"ನಾನಿಲ್ಲವಾ?" ಎಂದು ದೊರೆ ತಾನೇ ತಟ್ಟೆಗೆ ಹಾರಿದ. ಆ ಕಡೆ ಕೋಟೆ ಬಾಗಿಲಷ್ಟು ನಾಯಿ, ಈ ಕಡೆ ಸಣಕಲು ದೊರೆ. ಆದರೂ ಸಮ ಆಯಿತು! ಮೈ ತೂಕವಲ್ಲ, ಹೊಟ್ಟೆಕಿಚ್ಚಿನ ತೂಕ.

"ಸಮ" ಎಂದಿತು ತಕ್ಕಡಿ. "ತಟ್ಟೆಗೆ ಬಿದ್ದದ್ದು ದೇವರದು, ವಾಪಸ್ಸಿಲ್ಲ. ಬೊಗ್ಗಾ, ಊಟ ಮಾಡಪ್ಪಾ."

ಬೊಗ್ಗ ಬಾಯಿ ತೆರೆದ. ದೊರೆಗೆ ಪ್ರಾಣ ಹಾರಿಹೋದಂತಾಯಿತು. ಬೊಗ್ಗ ಮೂಸಿದ. ಮುಖ ಹಿಂಡಿದ. "ಇದರಲ್ಲಿ ಕಸುವೇ ಇಲ್ಲ, ಬರೀ ಕಿಚ್ಚು" ಎಂದು ಅಂಗಿ ಕಚ್ಚಿ ಎತ್ತಿಕೊಂಡು ಹೋಗಿ, ಹಿತ್ತಿಲ ಬಾಗಿಲಲ್ಲಿ ರಾಣಿಯ ಮುಂದೆ ಇಟ್ಟ. ಸಿಕ್ಕಿದ್ದನ್ನೆಲ್ಲ ಒಡತಿಗೆ ತಂದುಕೊಡುವುದು ನಾಯಿಯ ಬುದ್ಧಿ.

ರಾಣಿಯ ಕೈಯಲ್ಲಿ ತುತ್ತು ಇತ್ತು. ದೊರೆ ನೆಲದಲ್ಲಿ ಬಿದ್ದಲ್ಲಿಂದಲೇ ಅದನ್ನು ನೋಡಿದ. "ನನಗೆ?" ಎಂದ.

"ಇಷ್ಟು ವರ್ಷ ಬಾಯಿಬಿಟ್ಟು ಕೇಳಬಾರದಿತ್ತೇ?" ಎಂದಳು ರಾಣಿ. "ಅವನು ಬಾಗಿಲಿಗೆ ಬಂದು ನಿಂತ, ಕೊಟ್ಟೆ. ನೀವು ಯಾವತ್ತು ಬಂದಿರಿ?" ಎಂದು ಆ ತುತ್ತನ್ನು ದೊರೆಯ ಬಾಯಿಗೆ ಇಟ್ಟಳು. ದೊರೆ ಅಗಿಯುತ್ತಾ ಅಗಿಯುತ್ತಾ ಅತ್ತುಬಿಟ್ಟ. ಸಾರಿಗೆ ಉಪ್ಪು ಜಾಸ್ತಿಯಾಯಿತು.

ಮುಗಿಯಿತು ಅಂದುಕೊಂಡಿರಾ? ಬೊಗ್ಗ ಅಲ್ಲೇ ನಿಂತಿದ್ದ. ತನ್ನ ಮೊದಲ ತುತ್ತು ದೊರೆಯ ಗಂಟಲಲ್ಲಿ ಇಳಿಯುವುದನ್ನು ಕಣ್ಣಾರೆ ಕಂಡ. ಅವನ ಹೊಟ್ಟೆಯಲ್ಲಿ ಧಗ್ ಅಂದಿತು. ಆ ಉರಿಗೆ ತಿಂದ ಮೊಟ್ಟೆ, ಹುರುಳಿ, ಮೀನು ಎಲ್ಲ ಕರಗಿ, ಬೊಗ್ಗ ಮೊದಲಿನಷ್ಟೇ ಆದ. ಬಾಲ ಮುದುರಿಕೊಂಡು ನೇರ ಪಂಡಿತನ ಮನೆಗೆ ಹೋದ.

"ಪಂಡಿತರೇ, ಒಬ್ಬ ದೊರೆಗೆ ದಿನಕ್ಕೆ ಎಷ್ಟು ಕಸುವು ಬೇಕು?"

ಹೊರಗೆ ತಕ್ಕಡಿ ತಟ್ಟೆ ಒರೆಸಿಕೊಳ್ಳತೊಡಗಿತು.

ಕತೆಯ ನೀತಿ ಇಷ್ಟೇ: ನಾಯಿಗೆ ಒಂದು ಮೊಟ್ಟೆ, ಒಂದು ಹಿಡಿ ಹುರುಳಿ, ಒಂದು ಚೂರು ಬಾಡು ಸಾಕು. ಮಿಕ್ಕವರಿಗೆ ಎಷ್ಟು ಅಂತ ಪಂಡಿತ ಇನ್ನೂ ಹೇಳಿಲ್ಲ. ಕತೆ ತಕ್ಕಡಿ ಹತ್ತಿತು, ನಾನು ಇಳಿದೆ. ಏ ಸಾಕವ್ವ, ಮೂಲೇಲಿ ಕೂತು ಕತೆ ಕೇಳಿದ್ದು ಸಾಕು, ನಿನ್ನ ಮಡಿಲಲ್ಲಿ ನನಗಿಂತ ಜಾಸ್ತಿ ಕಡಲೆಕಾಯಿ ಇರೋ ಹಾಗಿದೆ, ಎಲ್ಲಿ, ಸೆರಗಿನ ಗಂಟು ಬಿಚ್ಚು ನೋಡೋಣ.