ದೊಡ್ಡರಾಣಿಯ ಹಳೇ ಸೀರೆ

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಕಾಲು ಮಡಚ್ಕೊಳ್ಳಿ, ಬಾಯಲ್ಲಿರೋ ಹುರಿಗಡಲೆ ನುಂಗ್ಕೊಳ್ಳಿ. ನಾನು ಹೇಳ್ತೀನಿ, ನೀವು ಹೂಂ ಅನ್ನಬೇಕು. ಹೂಂ ನಿಂತರೆ ಕಥೆನೂ ನಿಲ್ಲುತ್ತೆ.

ಒಂದಾನೊಂದು ಊರಲ್ಲಿ ಒಬ್ಬ ರಾಜ ಇದ್ದನಂತೆ. ಮದುವೆಯಾಗಿ ಏಳು ವರ್ಷಕ್ಕೆ ಅವನ ರಾಣಿಗೆ ಗಂಡು ಕೂಸು ಹುಟ್ಟಿತಂತೆ. ಹುಟ್ಟಿದ್ದೇನೋ ಹುಟ್ಟಿತು, ಅಳು ಮಾತ್ರ ನಿಲ್ಲಿಸಲಿಲ್ಲ. ಹಾಲು ಕುಡಿದರೂ ಅಳು, ಎತ್ತಿ ಆಡಿಸಿದರೂ ಅಳು. ಎಣ್ಣೆ ಹಚ್ಚಿ ನೀರು ಹಾಕೋವಾಗ ಒಂದು ಗಳಿಗೆ ಸುಮ್ಮನಿದ್ದರೆ ಅದೇ ದೊಡ್ಡದು. ಆಸ್ಥಾನದ ಜೋಯಿಸರು ಬೆರಳು ಮಡಚಿ ಎಣಿಸಿ, "ತೊಟ್ಟಿಲಿಗೆ ಹಾಕೋದರೊಳಗೆ ಅಳು ನಿಲ್ಲದಿದ್ದರೆ ಈ ಕೂಸು ಹನ್ನೆರಡು ವರ್ಷ ತಾಯಿ ಕಣ್ಣಿಗೆ ಬೀಳಬಾರದು, ದೂರ ಕಳಿಸಿ" ಅಂದುಬಿಟ್ಟರು. ತೊಟ್ಟಿಲ ಶಾಸ್ತ್ರಕ್ಕೆ ಮೂರೇ ದಿನ ಉಳಿದಿತ್ತು. ರಾಣಿ ಕೂಸನ್ನ ಎದೆಗೊತ್ತಿಕೊಂಡು ತಾನೂ ಅತ್ತಳು.

ರಾಜ ಡಂಗುರ ಸಾರಿಸಿದ. "ಕೂಸು ನೋಡಿಕೊಳ್ಳೋ ದಾದಿ ಬೇಕು. ಬಂದವರನ್ನ ಪರೀಕ್ಷೆ ಮಾಡಿ ತಗೋತೀವಿ."

ಪರೀಕ್ಷೆಗೆ ಕೂತವಳು ರಾಜನ ತಾಯಿ, ದೊಡ್ಡರಾಣಿ. ಬಲು ಬಿಗಿ ಹೆಂಗಸು. ಮಾತೆತ್ತಿದರೆ "ನಾನು ಚಿನ್ನದ ತಟ್ಟೇಲಿ ಉಂಡು ಬೆಳೆದವಳು" ಅನ್ನೋಳು.

ಮೊದಲ ದಿನ ಒಬ್ಬಳು ಬಂದಳು. ನೂರೊಂದು ಜೋಗುಳ ಬರುತ್ತೆ ಅಂದಳು, ಹಾಡಿದಳು. ಕಾವಲುಗಾರರು ನಿದ್ದೆ ಹೋದರು, ಕೂಸು ಹೋಗಲಿಲ್ಲ.

ಎರಡನೇ ದಿನ ಇನ್ನೊಬ್ಬಳು ಬಂದಳು. "ಏಳು ಅರಮನೆ ಕೂಸು ಎತ್ತಿದ ಕೈ ಇದು" ಅಂತ ಎತ್ತಿಕೊಂಡಳು. ಕೂಸು ಕಿರುಚಿದ ಏಟಿಗೆ ಎಂಟನೇ ಅರಮನೆ ಬೇಡವೇ ಬೇಡ ಅಂತ ಹೊರಟುಹೋದಳು.

ಮೂರನೇ ದಿನ ಬಂದವಳು ಮಾಳವ್ವ. ಅರಮನೆ ಬಟ್ಟೆ ಒಗೆಯೋಳು. ಒಗೆದ ಗಂಟು ತಲೆ ಮೇಲೆ ಹೊತ್ತುಕೊಂಡೇ ಬಂದು ನಿಂತಳು.

"ಬಟ್ಟೆ ಕೊಡೋ ಬಾಗಿಲು ಆ ಕಡೆ" ಅಂದಳು ದೊಡ್ಡರಾಣಿ.

"ಗೊತ್ತು ಅಮ್ಮಣ್ಣಿ. ನಾನು ದಾದಿ ಕೆಲಸಕ್ಕೆ ಬಂದೆ."

"ಜೋಗುಳ ಬರುತ್ತಾ?"

"ನಾನು ಹಾಡಿದರೆ ನಮ್ಮ ಕತ್ತೆನೂ ಕಿವಿ ಮಡಚುತ್ತೆ."

"ಎಷ್ಟು ಅರಮನೆ ಕೂಸು ಸಾಕಿದ್ದೀಯೆ?"

"ಒಂದೂ ಇಲ್ಲ. ಗುಡಿಸಲಿನವು ಐದು, ನನ್ನವೇ."

"ಮತ್ತೆ ಯಾವ ಧೈರ್ಯದ ಮೇಲೆ ಬಂದೆ?"

"ಒಂದು ಮಾತು ಕೇಳೋಣ ಅಂತ. ಕೂಸು ಹುಟ್ಟಿ ಹನ್ನೊಂದು ದಿನ ಆಯ್ತು. ಎಲ್ಲರ ಬಟ್ಟೆ ಒಗೆಯೋಕೆ ಬಂತು, ಕೂಸಿನದು ಒಂದೂ ಬರಲಿಲ್ಲ. ನಿಮ್ಮ ಕೂಸು ಉಚ್ಚೆ ಹುಯ್ಯಲ್ವಾ?"

ದಾಸಿಯರು ಬಾಯಿಗೆ ಸೆರಗು ಅಡ್ಡ ಹಿಡಿದರು.

"ಯುವರಾಜ ಉಟ್ಟಿದ್ದನ್ನೇ ಉಡ್ತಾನಾ?" ಅಂದಳು ದೊಡ್ಡರಾಣಿ. "ಸಲಕ್ಕೊಂದು ಹೊಸಾ ಜರಿ ಪೀತಾಂಬರ. ಒದ್ದೆಯಾದರೆ ಬಿಸಾಕ್ತೀವಿ."

ಮಾಳವ್ವ ಅಂಗೈ ಚಾಚಿದಳು. "ಕಲ್ಲಿಗೆ ಬಡಿದು ಜಡ್ಡುಗಟ್ಟಿದ ಕೈ ಇದು. ನಿಮ್ಮ ಜರಿ ಇದನ್ನೇ ಗೀರಿದೆ, ನೋಡಿ. ಹನ್ನೊಂದು ದಿನದ ತೊಗಲಿಗೆ ಹೇಗಿರಬೇಡ? ನಮ್ಮಲ್ಲಿ ಕೂಸಿಗೆ ಹೊಸಾ ಬಟ್ಟೆ ಮುಟ್ಟಿಸಲ್ಲ. ಬಾಳಿ ಬದುಕಿದ ಮುದುಕಿ ಸೀರೆ ಹರಿದು ಸುತ್ತುತ್ತೀವಿ."

"ಅರಮನೇಲಿ ಹಳೇ ಸೀರೆ ಎಲ್ಲಿಂದ ಬರಬೇಕು?"

ಮಾಳವ್ವ ಗಂಟು ಬಿಚ್ಚಿ ಒಂದು ನೂಲಿನ ಸೀರೆ ತೆಗೆದಳು. ಬಣ್ಣ ಹೋಗಿ ಬೆಣ್ಣೆ ಹಾಗೆ ಮೆತ್ತಗಾಗಿತ್ತು. "ತಿಂಗಳಿಗೊಂದು ಸಲ ಇದು ಇಲ್ಲಿಂದಲೇ ಒಗೆಯೋಕೆ ಬರ್ತದೆ. ಯಾರದ್ದು ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ. ಆದರೆ ಉಟ್ಟವರು ಒಪ್ಪದೆ ಹರಿಯೋ ಹಾಗಿಲ್ಲ."

ಕೂಸು ಅಳ್ತಾನೇ ಇತ್ತು. ದೊಡ್ಡರಾಣಿ ಆ ಸೀರೆ ನೋಡಿದಳು, ಕೂಸಿನ ಕೆಂಪಾದ ಮುಖ ನೋಡಿದಳು, ಎದ್ದು ನಿಂತಳು.

"ನನ್ನದು," ಅಂದಳಂತೆ. "ನಮ್ಮವ್ವ ನವಣೆ ಕುಟ್ಟೋವಾಗ ಉಡ್ತಿದ್ದಿದ್ದು. ಬಾಗಿಲು ಹಾಕ್ಕೊಂಡು ಉಟ್ಕೋತೀನಿ. ಚಿನ್ನದ ತಟ್ಟೆ ಗಿಟ್ಟೆ ಎಲ್ಲಾ ಸುಳ್ಳು. ಕೊಡು ಇಲ್ಲಿ." ತಾನೇ ಅಂಚು ಕಚ್ಚಿ ಪರ್ರನೆ ಹರಿದಳು.

ಪೀತಾಂಬರ ಬಿಚ್ಚಿ ಹಳೇ ಸೀರೆ ಸುತ್ತಿದರು. ಒಂದು ಬಿಕ್ಕು, ಎರಡು ಬಿಕ್ಕು, ಮೂರನೇದಕ್ಕೆ ಆಕಳಿಕೆ. ಮಲಗೇ ಬಿಟ್ಟಿತು.

ಮಾಳವ್ವ ದಾದಿಯಾದಳು, ಒಗೆಯೋ ಕಲ್ಲು ಅವಳ ಗಂಡನ ಪಾಲಾಯಿತು. ಜೋಗುಳದವಳನ್ನ ನಿದ್ದೆ ಬಾರದ ಮಂತ್ರಿ ತನ್ನ ಮನೆಗೆ ಕರಕೊಂಡು ಹೋದ. ಏಳು ಅರಮನೆಯವಳು ಈಗ ಎಂಟು ಅಂತ ಹೇಳಿಕೊಂಡು ತಿರುಗ್ತಾಳಂತೆ. ಜೋಯಿಸರು ಶಾಸ್ತ್ರದ ದಿನ ಕೂಸನ್ನ ತೊಡೆ ಮೇಲೆ ಮಲಗಿಸ್ಕೊಂಡರು, ಪಂಚೆ ಒಗೆಯೋಕೆ ಹೋಯಿತು. ದೊಡ್ಡರಾಣಿ ಉಳಿದರ್ಧ ಸೀರೆ ಹೊದ್ದು ಬಾಗಿಲು ತೆಗೆದೇ ಕೂತಳು, ನವಣೆ ಅನ್ನ ಕೇಳಿ ಮಾಡಿಸ್ಕೊಂಡು ಉಂಡಳು. ಕೂಸು ರಾಣಿ ಮಡಿಲಲ್ಲೇ ಬೆಳೆದು ರಾಜನಾಯಿತು. ಅವರು ಅಲ್ಲಿ ತೊಟ್ಟಿಲು ತೂಗ್ತಾ ಉಳಿದರು, ನಾವು ಇಲ್ಲಿ ಹೂಂಗುಟ್ಟುತ್ತಾ ಉಳಿದೆವು.