ಎರೆಭೂತದ ಮಸುಕು ಚಿತ್ರ

ನೋಡಲು ಕಣ್ಣು ಕೊಟ್ಟು, ಆ ಕಣ್ಣಿಗೆ ಸುಲಭಕ್ಕೆ ನಿಲುಕದೆ ಇರುವ ಪರಶಿವನ ಪಾದಕ್ಕೆ ಶರಣೆಂದು ಈ ಮಾತು ತೊಡಗುತ್ತೇನೆ. ಹೇಳುವುದರಲ್ಲಿ ತಪ್ಪಿದ್ದರೆ ಅವನೇ ತಿದ್ದಿಕೊಳ್ಳಲಿ.

“ಗುರುಗಳೇ, ಕೆಟ್ಟುಹೋದ ಪೂಜೆಯನ್ನು ಪೂಜೆಯೆಂದು ಇಟ್ಟುಕೊಳ್ಳಬಹುದೇ, ಬಿಟ್ಟುಬಿಡಬೇಕೇ?” ಎಂದು ಶಿಷ್ಯ ರೇವಣಯ್ಯ ಕೇಳಿದ.

ಅವನು ನಲವತ್ತೆಂಟು ದಿನದ ಅನುಷ್ಠಾನ ಹಿಡಿದಿದ್ದ. ಒಪ್ಪೊತ್ತಿನ ಊಟ, ನೆಲದ ಮೇಲೆ ಹಾಸಿಗೆ. ಅಂದು ನಲವತ್ತೊಂದನೆಯ ದಿನ.

“ಪೂಜೆಯ ನಡುವೆ ಮಂತ್ರ ಮರೆತುಹೋಯಿತು. ನಾಲಿಗೆ ನಿಂತೇಬಿಟ್ಟಿತು. ಕೈಯಲ್ಲಿದ್ದ ಪತ್ರೆ ಎಲ್ಲಿ ಬಿತ್ತೋ ಅರಿವಿಲ್ಲ. ಅಪ್ಪಣೆಯಾದರೆ ಈ ನಲವತ್ತೂ ದಿನ ಬಿಟ್ಟು, ನಾಳೆಯಿಂದ ಒಂದನೆಯ ದಿನವೆಂದು ಮತ್ತೆ ಕೂರುತ್ತೇನೆ.”

“ಬೆಳಿಗ್ಗೆಯಿಂದ ಏನಾದರೂ ತಿಂದೆಯಾ?”

“ಇಲ್ಲ, ಗುರುಗಳೇ.”

“ಹಾಗಾದರೆ ಕತೆ ಚಿಕ್ಕದೇ ಹೇಳುತ್ತೇನೆ. ಕೂತುಕೋ” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಛಾಯಾಗ್ರಾಹಕನಿದ್ದ. ಹಕ್ಕಿಗಳ ಚಿತ್ರ ತೆಗೆಯುವುದೇ ಅವನ ಬದುಕು. ಅವನಿಗೊಂದು ನೇಮವಿತ್ತು. ಆಯಾ ದಿನದ ಚಿತ್ರಗಳನ್ನು ಹೊಲದ ಬದುವಿನ ಮೇಲೆಯೇ ಕೂತು ಒಂದೊಂದಾಗಿ ನೋಡುವನು. ಹಕ್ಕಿಯ ಕಣ್ಣು ಸ್ಪಷ್ಟವಾಗಿ ಬಂದಿದ್ದರೆ ಇಟ್ಟುಕೊಳ್ಳುವನು. ಬರದಿದ್ದರೆ ಹೊತ್ತು ಮುಳುಗುವುದರೊಳಗೆ ಅಳಿಸಿಬಿಡುವನು. ಇಪ್ಪತ್ತು ವರ್ಷ ಈ ನೇಮ ಒಂದು ದಿನವೂ ತಪ್ಪಿರಲಿಲ್ಲ. ಅವನ ಹೆಸರು ನಿಂತದ್ದೇ ಇದರ ಮೇಲೆ. ಯಾರಾದರೂ ಮಸುಕು ಚಿತ್ರ ಹಿಡಿದು ತೋರಿಸಲು ಬಂದರೆ, “ಇದು ಹಕ್ಕಿಯೋ, ಗಾಳಿಗೆ ಹಾರಿದ ಚೀಲವೋ?” ಎಂದು ನಕ್ಕು ಕಳಿಸುತ್ತಿದ್ದ.

ಅವನಿಗೆ ಸಿಗದೆ ಉಳಿದದ್ದು ಒಂದೇ ಹಕ್ಕಿ. ಕಪ್ಪು ಎರೆ ಮಣ್ಣಿನ ಬಯಲಲ್ಲಿ ಬದುಕುವ, ಸೊಂಟದೆತ್ತರದ ಹಕ್ಕಿ. ಕಂಡಿತು ಎನ್ನುವಷ್ಟರಲ್ಲಿ ಮಾಯವಾಗುತ್ತದೆಂದು ಅಲ್ಲಿಯ ಜನ ಅದಕ್ಕೆ ಎರೆಭೂತ ಎನ್ನುತ್ತಿದ್ದರು. ಒಂಬತ್ತು ವರ್ಷ ಅವನು ಆ ಬಯಲಿಗೆ ಹೋದ. ಒಂಬತ್ತು ವರ್ಷವೂ ಬರಿಗೈಯಲ್ಲಿ ಬಂದ. ಅದು ಅಲ್ಲಿ ಈಗ ಇಲ್ಲವೇ ಇಲ್ಲ ಎಂದು ಬಲ್ಲವರು ಹೇಳಿದರು. ಅವನಿಗೂ ಹಾಗೇ ಅನ್ನಿಸತೊಡಗಿತ್ತು. ಈ ಸಲವೂ ಕಾಣದಿದ್ದರೆ ಇನ್ನು ಈ ದಾರಿ ತುಳಿಯುವುದಿಲ್ಲ ಎಂದುಕೊಂಡು ಹತ್ತನೆಯ ವರ್ಷ ಹೋದ.

ಒಂದು ಮಧ್ಯಾಹ್ನ, ಕೊಯ್ದ ಜೋಳದ ಕೂಳೆಯ ನಡುವೆ ಹಕ್ಕಿ ನಿಂತಿತ್ತು.

ಅವನು ಕ್ಯಾಮೆರಾ ಎತ್ತಿದ. ಒಂದು ಸಲ ಗುಂಡಿ ಒತ್ತಿದ. ಎರಡನೆಯ ಸಲ ಒತ್ತುವಾಗ ಅಲ್ಲಿ ಬರೀ ಕೂಳೆ ಇತ್ತು.

ಚಿತ್ರ ನೋಡಿದ. ಕತ್ತಿನ ಬಿಳುಪು ಉಂಟು, ನೆತ್ತಿಯ ಕಪ್ಪು ಉಂಟು, ಉಳಿದದ್ದೆಲ್ಲ ಅಲುಗಿ ಕಲಸಿಹೋಗಿದೆ. ಕಣ್ಣು ಇರಬೇಕಾದ ಕಡೆ ಒಂದು ಗೀರು.

ಅವನು ಬದುವಿನ ಮೇಲೆ ಕುಸಿದು ಕೂತ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ. ಉಳಿಸಿಕೊಂಡರೆ, ನಕ್ಕು ಕಳಿಸಿದ ಅಷ್ಟು ಜನರಿಗೆ ಯಾವ ಮುಖ ತೋರಿಸುವುದು? ಅಳಿಸಿದರೆ, ಹಕ್ಕಿ ಬಂದಿತ್ತು ಎನ್ನುವುದಕ್ಕೆ ಗುರುತೇನು? ಬೇರೆಯವರ ಮಾತಿರಲಿ, ನಾಳೆ ತಾನೇ ಅದು ಕೊಕ್ಕರೆಯೋ ಏನೋ ಎಂದುಕೊಂಡರೆ? ಹೊತ್ತು ಇಳಿಯುತ್ತಿತ್ತು.

ಆಗ ಒಬ್ಬ ಕುರಿಗಾಹಿ ಮಂದೆ ಹೊಡೆದುಕೊಂಡು ಆ ದಾರಿಯಲ್ಲಿ ಬಂದ. ವರ್ಷ ವರ್ಷ ಇವನನ್ನು ನೋಡಿ ಗುರುತಿದ್ದವನು.

“ಏನ್ರೀ ಸಾಹೇಬ್ರ, ಇನ್ನೂ ಇಲ್ಲೇ ಕುಂತೀರಿ? ನನ್ನ ಕುರಿ ನಿಮ್ಮನ್ನ ಬೆದರುಗೊಂಬಿ ಅಂತ ತಿಳಕೊಂಡಿದ್ದವು. ಈಗ ಅಂಜೋದನ್ನೂ ಬಿಟ್ಟಾವ.”

ಛಾಯಾಗ್ರಾಹಕ ನಗಲಿಲ್ಲ. ಚಿತ್ರವನ್ನು ಅವನ ಮುಂದೆ ಹಿಡಿದ.

“ಎರೆಭೂತ ಅಲ್ಲೇನ್ರೀ ಇದು! ಯಾಕ ಹಿಂಗ ಅಳ್ಳಾಡೈತಿ? ಓಡತಿತ್ತೇನು?”

“ಇಲ್ಲ, ನಿಂತೇ ಇತ್ತು. ನನ್ನ ಕೈ ನಡುಗಿತು.”

“ಥಂಡಿ ಜ್ವರ ಏನರ ಬಂದಾವೇನು?”

“ಅಂಥದ್ದೇನೂ ಇಲ್ಲ.”

“ಮತ್ತ ಬ್ಯಾರೆ ಹಕ್ಕಿಗೂ ಹಿಂಗ ನಡುಗತೈತೇನು?”

ಛಾಯಾಗ್ರಾಹಕ ಅದೇ ಬೆಳಿಗ್ಗೆ ತೆಗೆದ ಗೌಜಲಕ್ಕಿಯ ಚಿತ್ರ ತೋರಿಸಿದ. ಅದರ ಕಣ್ಣು ಮಣಿಯಂತೆ ಹೊಳೆಯುತ್ತಿತ್ತು. ಕುರಿಗಾಹಿ ಅದನ್ನೊಮ್ಮೆ ನೋಡಿದ, ಇದನ್ನೊಮ್ಮೆ ನೋಡಿದ.

“ಗೌಜಲಕ್ಕಿಗೆ ನಡುಗದ ಕೈ ಇದಕ್ಕ ನಡುಗೈತಿ. ಹಂಗಾರ ಇದು ಬಂದಿದ್ದು ಖರೆ ಬಿಡ್ರಿ” ಎಂದು ಹೇಳಿ, ದಾರಿ ಬಿಟ್ಟ ಒಂದು ಕುರಿಯನ್ನು ಬೈಯುತ್ತ ಹೊರಟುಹೋದ.

ಛಾಯಾಗ್ರಾಹಕ ಚಿತ್ರವನ್ನು ಮತ್ತೆ ನೋಡಿದ. ಇಷ್ಟು ಹೊತ್ತೂ ಅವನು ಅದರಲ್ಲಿ ಬಾರದ ಕಣ್ಣನ್ನೇ ಹುಡುಕುತ್ತಿದ್ದ. ಈಗ ಆ ಗೀರನ್ನು ನೋಡಿದ. ಅದು ಯಾವ ಕಡೆಯಿಂದ ಹೊರಟು ಯಾವ ಕಡೆಗೆ ಹೋಗಿದೆ, ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬೆರಗಿನಿಂದ ನೋಡುತ್ತಲೇ ಕೂತ. ಹೊತ್ತು ಮುಳುಗಿತು. ಅವನಿಗೆ ಅದು ತಿಳಿಯಲೇ ಇಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

“ಮುಂದೆಂದಾದರೂ ಅವನಿಗೆ ಒಳ್ಳೆಯ ಚಿತ್ರ ಸಿಕ್ಕಿತೇ, ಗುರುಗಳೇ?” ಎಂದು ರೇವಣಯ್ಯ ಕೇಳಿದ.

“ನನಗೆ ತಿಳಿಯದಪ್ಪ.”

ರೇವಣಯ್ಯ ಅಷ್ಟಕ್ಕೆ ಬಿಡದೆ, “ಆದರೆ ಅವನದು ಚಿತ್ರ, ನನ್ನದು ಪೂಜೆ. ನಾನು ಮಂತ್ರವನ್ನೇ ಮರೆತೆನಲ್ಲ?” ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಮರೆತ ಗಳಿಗೆಯಲ್ಲಿ ನಿನ್ನ ಎದುರು ಯಾರಿದ್ದರು, ರೇವಣ?”

ರೇವಣಯ್ಯ ಗುರುಗಳ ಪಾದಕ್ಕೆ ತಲೆಬಾಗಿದ; ಮರುದಿನ ನಲವತ್ತೆರಡನೆಯ ದಿನವೆಂದೇ ಪೂಜೆಗೆ ಕೂತ.

ಈ ಕತೆಯನ್ನು ಮನಸ್ಸಿಟ್ಟು ಕೇಳಿದವರಿಗೂ, ಕೇಳುತ್ತ ಕೇಳುತ್ತ ತೂಕಡಿಸಿದವರಿಗೂ ಶಿವನು ಒಳ್ಳೆಯದನ್ನೇ ಮಾಡಲಿ. ನಿಮ್ಮೆಲ್ಲರ ಮನೆ ತಣ್ಣಗಿರಲಿ. ಅರೆಗಳಿಗೆಯಾದರೂ ಅವನು ನಿಮ್ಮ ಕಣ್ಣಿಗೆ ಬೀಳಲಿ.