ಹಂಸ ತಡೆದ ಬುದ್ಧವಚನ

ಹಾಳುಬಿದ್ದ ಬೌದ್ಧ ವಿಹಾರದ ಕೊಳಕ್ಕೆ ದೂರದೇಶದಿಂದ ಪಂಡಿತ ಹಂಸವೊಂದು ಬಂದಿತು. ಅಲ್ಲಿನ ಗೊರವಂಕ ಹಕ್ಕಿಗಳು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದ ಬುದ್ಧವಚನವನ್ನು ಕೇಳಿ, "ಇದರಲ್ಲಿ ಅರ್ಧ ನಿಮ್ಮ ಅಜ್ಜಿಯರು ಸೇರಿಸಿದ್ದು. ಶುದ್ಧಪಾಠ ನನ್ನ ಬಳಿ ಇದೆ. ಇನ್ನು ನೀವು ಬಾಯಿ ತೆರೆಯಕೂಡದು" ಎಂದಿತು. ಅದರ ಪಾಂಡಿತ್ಯಕ್ಕೆ ಹೆದರಿ ಹಕ್ಕಿಗಳು ಸುಮ್ಮನಾದವು.

ಅಷ್ಟರಲ್ಲಿ ಕೊಳದ ಮುದಿ ಆಮೆಗೆ ಕೊನೆಗಾಲ ಬಂತು. ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ, "ಭಯವಾಗುತ್ತಿದೆ, ಯಾರಾದರೂ ಬುದ್ಧನ ಮಾತು ಹೇಳಿ" ಎಂದು ಬೇಡಿತು. ಗೊರವಂಕಗಳು ಹಂಸದ ಮುಖ ನೋಡಿದವು. ಹಂಸ ಗಂಭೀರವಾಗಿ ಪ್ರಾಚೀನ ಭಾಷೆಯ ತನ್ನ ಶುದ್ಧಪಾಠ ಒಪ್ಪಿಸಿತು. ಆಮೆಗೆ ಒಂದು ಪದವೂ ತಿಳಿಯಲಿಲ್ಲ. ಅದು ಭಯದಿಂದ ನಡುಗತೊಡಗಿತು.

ಹಿರಿಯ ಗೊರವಂಕ ತಡೆಯಲಾರದೆ ಕೆಳಗಿಳಿದು, ಆಮೆಯ ತಲೆಯ ಬಳಿ ಕುಳಿತು ತಾನು ಕಲಿತಿದ್ದ ಬುದ್ಧವಚನ ಹೇಳತೊಡಗಿತು.

"ನಿಲ್ಲಿಸು! ಈ ಸಾಲು ಬುದ್ಧ ಹೇಳಿದ್ದಲ್ಲ" ಎಂದು ಹಂಸ ರೆಕ್ಕೆ ಬಡಿಯಿತು.

"ಇರಬಹುದು ಸ್ವಾಮಿ. ಬುದ್ಧನನ್ನು ನಂಬಿ ಬದುಕಿದವರು ಹೇಳಿದ್ದು" ಎಂದು ಗೊರವಂಕ ಪಠಣ ಮುಂದುವರಿಸಿತು. ಉಳಿದವೂ ಒಂದೊಂದಾಗಿ ದನಿಗೂಡಿಸಿದವು. ಆಮೆಯ ನಡುಕ ನಿಂತಿತು. ಮೆಲ್ಲಗೆ ಉಸಿರೂ ನಿಂತಿತು.

ಬಹಳ ಹೊತ್ತಿನ ಮೇಲೆ ಹಂಸ ಮೆಟ್ಟಿಲಿಗೆ ಬಂದು, "ನಾನು ತಡೆದ ಆ ಸಾಲಿನ ಅರ್ಥವೇನು?" ಎಂದಿತು.

"ಕೇಳುತ್ತಿದ್ದೀರೋ, ಪರೀಕ್ಷಿಸುತ್ತಿದ್ದೀರೋ?" ಎಂದಿತು ಗೊರವಂಕ.

ಹಂಸ ತಲೆ ತಗ್ಗಿಸಿತು. "ಕೇಳುತ್ತಿದ್ದೇನೆ."

"ಹಾಗಾದರೆ ಕುಳಿತುಕೊಳ್ಳಿ" ಎಂದು ಗೊರವಂಕ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು.